ಗಾಳಿ ಹೋದ ಗಾಲಿ

ಚಕ್ರಕ್ಕೆ ನಾಭಿ, ಅರ, ನೇಮಿ ಎಂದು ಮೂರು ಅಂಗಗಳನ್ನು ಪ್ರಾಚೀನರು ಹೆಸರಿಸಿದರು. ಗಾಳಿಯೂ ಚಕ್ರದ ಒಂದು ಅಂಗವಾದೀತೆಂಬುದು ಅವರ ಎಣಿಕೆಗೆ ಬಂದಿರಲಾರದು. 1845ರಲ್ಲಿ ರಾಬರ್ಟ್ ಥಾಮ್ಸನ್ ಎಂಬಾತನು ಗಾಳಿ ತುಂಬಿದ ಗಾಲಿಗೆ ಪೇಟೆಂಟು ಪಡೆದನಾದರೂ ಅದು ಬಳಕೆಯಲ್ಲಿ ನಿಲ್ಲಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್, ತನ್ನ ಮಗನ ಮೂರುಗಾಲಿಯ ಬಂಡಿ ಕುಲುಕದಿರಲೆಂದು ಹೂಡಿದ ಉಪಾಯಕ್ಕೆ ಮತ್ತೊಮ್ಮೆ ಪೇಟೆಂಟು ಪಡೆದ ಮೇಲೆಯೇ ಲೋಕವು ಗಾಳಿಯ ಮೇಲೆ ಕುಳಿತು ಸಂಚರಿಸತೊಡಗಿತು. ಸುಖವೂ ಬಂದಿತು, ಅದರ ಬೆನ್ನಿಗೆ ಮೊಳೆಯ ಭಯವೂ ಬಂದಿತು.

ಈ ಭಯದ ವಿಚಾರವಾಗಿ ತೀರ್ಥಹಳ್ಳಿಯ ಸಮೀಪದ ಒಂದು ತೋಟದ ಮನೆಯಲ್ಲಿ ಕಳೆದ ವರ್ಷ ಹದಿನೈದು ದಿನ ಚರ್ಚೆ ನಡೆಯಿತು. ಮನೆಯ ಯಜಮಾನರು ಸೇತುವೆ ರಸ್ತೆಗಳ ಕೆಲಸದಲ್ಲಿ ಮೂವತ್ತು ವರ್ಷ ಸವೆದು ನಿವೃತ್ತರಾದ ಇಂಜಿನಿಯರರು, ವಯಸ್ಸು ಎಪ್ಪತ್ತೆರಡು. ಅವರ ಪತ್ನಿಗೆ ಹೃದಯದ ಕಾಯಿಲೆ. ಎರಡು ತಿಂಗಳಿಗೊಮ್ಮೆ ಆಗುಂಬೆಯ ಘಟ್ಟವಿಳಿದು ಉಡುಪಿಯ ಕಡೆಯ ಆಸ್ಪತ್ರೆಗೆ ಹೋಗಿ ಬರಬೇಕು. ಬೆಂಗಳೂರಿನಲ್ಲಿರುವ ಮಗನು ತಾನು ಓಡಿಸಿದ ಜರ್ಮನಿಯ ಕಾರೊಂದನ್ನು ತಂದೆತಾಯಿಗಳ ಈ ಪ್ರಯಾಣಕ್ಕೆಂದು ತಂದು ನಿಲ್ಲಿಸಿದ್ದಾನೆ. ಅದರ ಟೈರುಗಳು ಸವೆದು, ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದುದನ್ನು ತೋರಿಸುವ ಉಬ್ಬುಗೆರೆಗೆ ಸಮನಾಗಿದ್ದವು. ಅದಕ್ಕಿಂತ ಸವೆದ ಟೈರು ಮಳೆಯ ರಸ್ತೆಯಲ್ಲಿ ನೀರನ್ನು ಹೊರದೂಡಲಾರದು. ಬದಲಾಯಿಸಲೇಬೇಕು. ಆದರೆ ಯಾವುದಕ್ಕೆ?

ಕಾರಿನೊಡನೆ ಬಂದವು ರನ್‌ಫ್ಲಾಟ್ ಎಂಬ ಜಾತಿಯವು. ಸಾಧಾರಣ ಟೈರಿನಲ್ಲಿ ಗಾಡಿಯ ಭಾರವನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಗಾಳಿ ಹೋಯಿತೆಂದರೆ ಪಕ್ಕದ ಗೋಡೆ ಮಡಿಸಿಕೊಂಡು ಕಬ್ಬಿಣದ ಬಳೆಗೂ ನೆಲಕ್ಕೂ ನಡುವೆ ಸಿಕ್ಕಿ ಕೆಲವೇ ನಿಮಿಷದಲ್ಲಿ ಹರಿದುಹೋಗುವುದು. ರನ್‌ಫ್ಲಾಟಿನ ಗೋಡೆಯೊಳಗೆ ದಪ್ಪನೆಯ ಗಟ್ಟಿ ರಬ್ಬರನ್ನು ಸೇರಿಸಿರುತ್ತಾರೆ. ಗಾಳಿಯಿಲ್ಲದೆಯೂ ಆ ಗೋಡೆಯೇ ಕಾರನ್ನು ಎತ್ತಿ ಹಿಡಿಯುತ್ತದೆ. ಗಂಟೆಗೆ 80 ಕಿಲೋಮೀಟರು ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರು ಹೋಗಬಹುದೆಂದು ಸಾಮಾನ್ಯವಾಗಿ ತಯಾರಕರ ಮಾತು. ಹಾಗೆ ಓಡುವಾಗ ಗೋಡೆ ಕ್ಷಣಕ್ಷಣಕ್ಕೂ ಬಾಗಿ ಏಳುವುದರಿಂದ ಬಿಸಿ ಹುಟ್ಟಿ ಒಳಗೊಳಗೇ ಬೇಯುವುದು. ಆ ಬೇಗೆಯೇ ಅದರ ಆಯುಸ್ಸಿನ ಮಿತಿ. ಹೊರಗಿನಿಂದ ನೋಡಿದರೆ ಗಾಳಿ ಹೋದದ್ದು ತಿಳಿಯದಾದ್ದರಿಂದ, ಒತ್ತಡ ಇಳಿದುದನ್ನು ತಿಳಿಸುವ ದೀಪವಿಲ್ಲದ ಕಾರಿಗೆ ಇದನ್ನು ಹಾಕುವುದು ಅಪಾಯ.

ಹೀಗೆ ನಂಬಿಕೊಂಡ ಕಾರ್ಖಾನೆಯವರು ಇಂಥ ಕಾರುಗಳಲ್ಲಿ ಸ್ಟೆಪ್ನಿಯನ್ನೇ ಬಿಟ್ಟುಬಿಟ್ಟರು. (ಸ್ಟೆಪ್ನಿ ಎಂಬುದು ವೇಲ್ಸಿನ ಲನೆಲ್ಲಿ ಊರಿನ ಒಂದು ಬೀದಿಯ ಹೆಸರು. ಆ ಬೀದಿಯ ಅಂಗಡಿಯವರು 1904ರ ಸುಮಾರಿಗೆ ಹೆಚ್ಚುವರಿ ಗಾಲಿ ಮಾಡಿ ಮಾರಿದರು. ಇಂಗ್ಲಿಷರು ಆ ಮಾತನ್ನು ಮರೆತರು. ಭಾರತದ ಲಾರಿಯವರು ಇಂದಿಗೂ ಬಿಟ್ಟಿಲ್ಲ.) ಇಂಜಿನಿಯರರ ಕಾರಿನ ಹಿಂಬದಿಯಲ್ಲಿ ಅದನ್ನಿಡಲು ಕುಳಿಯೂ ಇಲ್ಲ.

ಮಗನು ದೂರವಾಣಿಯಲ್ಲಿ ಹೇಳಿದನು: "ಅಪ್ಪಾ, ಈ ಸಲ ಸಾಧಾರಣ ಟೈರೇ ಹಾಕಿಸಿ. ನನ್ನ ಸ್ನೇಹಿತರೆಲ್ಲ ಹಾಗೇ ಮಾಡಿದ್ದಾರೆ. ಅಮ್ಮನಿಗೆ ಕುಲುಕಾಟವೂ ಕಡಿಮೆಯಾಗುತ್ತೆ." ಶಿವಮೊಗ್ಗದ ಟೈರು ಅಂಗಡಿಯವರೂ ಅದನ್ನೇ ಅನುಮೋದಿಸಿದರು. ಇಂಜಿನಿಯರರು ಕಾಗದವೊಂದನ್ನು ಮಡಿಸಿ ಎರಡು ಪಕ್ಕ ಮಾಡಿ ಬರೆಯಲು ಕುಳಿತರು. ಬರೆದಷ್ಟೂ ಸಾಧಾರಣ ಟೈರಿನ ಪಕ್ಕವೇ ತುಂಬುತ್ತ ಹೋಯಿತು. ಬೆಲೆ ಕಡಿಮೆ. ಗೋಡೆ ಮೃದುವಾದ್ದರಿಂದ ಗುಂಡಿಯ ಪೆಟ್ಟನ್ನು ತಾನೇ ನುಂಗುತ್ತದೆ. ರನ್‌ಫ್ಲಾಟಾದರೋ ಅದನ್ನು ಬಳೆಗೂ ಕೂತವರ ಬೆನ್ನಿಗೂ ದಾಟಿಸುತ್ತದೆ. ಮೊಳೆ ಚುಚ್ಚಿದರೆ ಯಾವ ಪಂಕ್ಚರು ಅಂಗಡಿಯವನೂ ಹತ್ತು ನಿಮಿಷದಲ್ಲಿ ಮುಚ್ಚಿಕೊಡುತ್ತಾನೆ. ಗಾಳಿಯಿಲ್ಲದೆ ಓಡಿದ ರನ್‌ಫ್ಲಾಟನ್ನು ದುರಸ್ತಿ ಮಾಡಬಾರದೆಂದು ತಯಾರಕರಲ್ಲಿ ಬಹುಮಂದಿ ಹೇಳುತ್ತಾರೆ, ಒಳಗೋಡೆ ಎಷ್ಟು ಬೆಂದಿದೆಯೆಂದು ಕಣ್ಣಿಗೆ ಕಾಣದು. ಸ್ಟೆಪ್ನಿ ಇಲ್ಲವೆಂಬ ಆಕ್ಷೇಪಕ್ಕೂ ಸಮಾಧಾನವುಂಟು: 2020ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ನಿಯಮವನ್ನು ತಿದ್ದಿ, ಟ್ಯೂಬಿಲ್ಲದ ಟೈರು, ಒತ್ತಡ ತಿಳಿಸುವ ಯಂತ್ರ, ದುರಸ್ತಿಯ ಸಲಕರಣೆ ಇವು ಇರುವ ಚಿಕ್ಕ ಕಾರುಗಳಿಗೆ ಹೆಚ್ಚುವರಿ ಗಾಲಿ ಕಡ್ಡಾಯವಲ್ಲವೆಂದಿತು. ಒಂದು ಸಣ್ಣ ಪಂಪು, ತೂತು ಮುಚ್ಚುವ ಅಂಟು ಇಟ್ಟುಕೊಂಡರಾಯಿತು.

ಲೆಕ್ಕದಲ್ಲಿ ತಪ್ಪಿಲ್ಲ. ಬಯಲುಸೀಮೆಯ ಹೆದ್ದಾರಿಯಲ್ಲಿ, ಪಕ್ಕದಲ್ಲಿ ಗಟ್ಟಿಮುಟ್ಟಾದ ಚಾಲಕನಿದ್ದು ಓಡಾಡುವವರು ಸಾಧಾರಣ ಟೈರನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಹಾಗೆ ಕೊಳ್ಳದಿರುವುದೇ ಅವರಿಗೆ ದುಂದು. ಇಂಜಿನಿಯರರ ಲೆಕ್ಕಕ್ಕೆ ಬೆನ್ನೆಲುಬಾಗಿದ್ದುದು ಮಾತ್ರ 2023ರ ಮಳೆಗಾಲದ ಒಂದು ಅನುಭವ. ಆ ಜುಲೈಯಲ್ಲಿ ಘಟ್ಟವಿಳಿಯುವಾಗ ಹಿಂದಿನ ಟೈರೊಂದರ ಗಾಳಿ ಹೋಗಿ, ಉಡುಪಿ ಸೇರಿದ ಮೇಲೆ ಅದೇ ಅಳತೆಯ ರನ್‌ಫ್ಲಾಟ್ ಅಲ್ಲೆಲ್ಲೂ ಸಿಕ್ಕದೆ, ಬೆಂಗಳೂರಿನಿಂದ ತರಿಸುವವರೆಗೆ ಎಂಟು ದಿನ ಕಾರು ಅಂಗಡಿಯ ಮುಂದೆ ಕೂತಿತು. ಅವರು ಮಗಳ ಮನೆಯಲ್ಲಿ ಕೂತರು. ತೋಟಕ್ಕೆ ಔಷಧಿ ಹೊಡೆಸುವ ದಿನ ತಪ್ಪಿ ಅಡಕೆಗೆ ಕೊಳೆರೋಗ ತಗುಲಿತು. "80 ಕಿಲೋಮೀಟರಿನ ಉಪಕಾರಕ್ಕೆ ಎಂಟು ದಿನದ ಸೆರೆ" ಎಂದು ಅವರು ಆ ವಿಚಾರ ಬಂದಾಗಲೆಲ್ಲ ಹೇಳುವರು. ಈ ಮಾತನ್ನು ಕಾಗದದ ಕೊನೆಯಲ್ಲಿ ಬರೆದು ಕೆಳಗೆ ಗೆರೆ ಎಳೆದು, ಮಡದಿಗೆ ಓದಿ ಹೇಳಿದರು.

ಆಕೆ ಎಲ್ಲವನ್ನೂ ಕೇಳಿ, ಹೂವು ಕಟ್ಟುತ್ತಿದ್ದ ಕೈಯನ್ನು ನಿಲ್ಲಿಸದೆ, "ಅವತ್ತು ನೀವು ಕಾರಿನಿಂದ ಇಳಿಯಲಿಲ್ಲ" ಎಂದರು.

ಇಂಜಿನಿಯರರಿಗೆ ಮೊದಲು ಅರ್ಥವಾಗಲಿಲ್ಲ. ಆಕೆ ಮುಂದುವರಿಸಿದರು: "ನನಗೆ ಎದೆ ಹಿಡಿದುಕೊಂಡಿತ್ತು. ಕತ್ತಲೆ, ಮಳೆ. ದೀಪ ಹೊತ್ತಿಕೊಂಡಿತು, ನೀವು 'ಗಾಳಿ ಹೋಯಿತು' ಅಂದಿರಿ. ನನಗೆ ಜೀವವೇ ಹೋದ ಹಾಗಾಯಿತು. ಈಗ ಇವರು ಇಳಿದು ಹೋಗ್ತಾರೆ, ಆ ತಿರುವಿನಲ್ಲಿ ಹಿಂದಿನಿಂದ ಯಾವುದಾದರೂ ಬಸ್ಸು ಬರುತ್ತೆ ಅಂದುಕೊಂಡೆ. ನೀವು ಇಳಿಯಲಿಲ್ಲ. ಮೆಲ್ಲಗೆ ಹೋಗ್ತಾನೇ ಇದ್ದಿರಿ. ಸೋಮೇಶ್ವರ ಬಂತು, ಹೆಬ್ರಿ ಬಂತು, ಆಸ್ಪತ್ರೆಯ ಬಾಗಿಲು ಬಂತು. ಎಂಟು ದಿನ ಕೂತದ್ದು ನನಗೆ ನೆನಪೇ ಇಲ್ಲ ನೋಡಿ."

ಒಂದೇ ರಾತ್ರಿ, ಒಬ್ಬರಿಗೆ ಅದು ಎಂಟು ದಿನವಾಗಿಯೂ ಇನ್ನೊಬ್ಬರಿಗೆ ಎರಡು ಗಂಟೆಯಾಗಿಯೂ ಉಳಿದಿತ್ತು. ಕಾಗದದಲ್ಲಿ ಆ ಎರಡು ಗಂಟೆಗೆ ಸ್ಥಾನವಿರಲಿಲ್ಲ. ಆಗುಂಬೆಯ ಇಳಿಜಾರಿನ ಹದಿನಾಲ್ಕು ತಿರುವುಗಳಲ್ಲಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಲು ತಾವಿರುವುದು ಕಡಿಮೆ. ಮಳೆಗಾಲದ ರಾತ್ರಿ ಅಲ್ಲಿ ಬಾಗಿ ಕುಳಿತು, ಬ್ಯಾಟರಿಯ ಬೆಳಕಿನಲ್ಲಿ ಮೊಳೆ ಹುಡುಕಿ, ಅಂಟು ತುಂಬಿ, ಪಂಪು ಹೊಡೆಯುವ ಎಪ್ಪತ್ತೆರಡು ವರ್ಷದ ಮನುಷ್ಯನನ್ನು ಅವರು ಬರೆಯುವಾಗ ಕಲ್ಪಿಸಿಕೊಂಡಿರಲಿಲ್ಲ. ಗೋಡೆಯೇ ಸೀಳಿದ್ದರೆ ಅಂಟೂ ಕೆಲಸಕ್ಕೆ ಬಾರದು. ಸಾಧಾರಣ ಟೈರು ಮನುಷ್ಯನನ್ನು ದಾರಿಯಲ್ಲಿ ನಿಲ್ಲಿಸಿ ಅಂಗಡಿಯಲ್ಲಿ ಬೇಗ ಬಿಡುತ್ತದೆ. ರನ್‌ಫ್ಲಾಟು ದಾರಿಯಲ್ಲಿ ನಿಲ್ಲಿಸದೆ ಅಂಗಡಿಯಲ್ಲಿ ಹಿಡಿದಿಡುತ್ತದೆ. ಯಾವ ಕಡೆ ನಿಲ್ಲುವುದು ಮೇಲು ಎಂಬುದನ್ನು ನಿಲ್ಲಬೇಕಾದವರನ್ನು ಕೇಳಿಯೇ ತಿಳಿಯಬೇಕಷ್ಟೆ.

ಅವರು ಭೂಪಟ ತೆಗೆದು ಅಳೆದರು. ಆಗುಂಬೆಯಿಂದ ಉಡುಪಿಗೆ ಸುಮಾರು 55 ಕಿಲೋಮೀಟರು. ಹಿಂದಕ್ಕೆ ತೀರ್ಥಹಳ್ಳಿಗೆ ಸುಮಾರು 30. ಎರಡು ದಿಕ್ಕಿಗೂ 80ರೊಳಗೇ ಬರುತ್ತದೆ. ಶಿವಮೊಗ್ಗಕ್ಕಾದರೆ ಸಾಲದು, ಆದರೆ ರಾತ್ರಿ ಶಿವಮೊಗ್ಗದಲ್ಲಿ ಅವರಿಗೇನೂ ಕೆಲಸವಿಲ್ಲ.

ಎಂಟು ದಿನದ ಸೆರೆಗೂ ಉಪಾಯ ಹೊಳೆಯಿತು. ನಾಲ್ಕರಲ್ಲಿ ಮೂರು ಟೈರು ಸವೆದಿದ್ದವು. 2023ರಲ್ಲಿ ಉಡುಪಿಯಲ್ಲಿ ಹಾಕಿಸಿದ ನಾಲ್ಕನೆಯದರಲ್ಲಿ ಇನ್ನೂ ಅರ್ಧ ಆಯುಸ್ಸಿತ್ತು. ಒಂದೇ ಅಚ್ಚಿನ ಎರಡು ಗಾಲಿಗಳಲ್ಲಿ ಹೊಸದು ಹಳೆಯದು ಬೆರೆಯಬಾರದೆಂಬ ಕಾರಣಕ್ಕೆ ಹೇಗೂ ನಾಲ್ಕನ್ನೂ ಕೊಳ್ಳಬೇಕು. ಹಳೆಯದನ್ನು ಮಾರದೆ ಮನೆಯಲ್ಲೇ ಇಟ್ಟರೆ, ಮತ್ತೆ ಹೀಗಾದಾಗ ಆಳಿಗೆ ಹೇಳಿ ಬೆಳಗಿನ ಉಡುಪಿಯ ಬಸ್ಸಿಗೆ ಹಾಕಿಸಿದರೆ ಮಧ್ಯಾಹ್ನದೊಳಗೆ ಕೈಸೇರುವುದು. ಮಗನಿಗೆ ಈ ಏರ್ಪಾಡನ್ನು ತಿಳಿಸಿದಾಗ ಅವನು ನಕ್ಕು, ಅಮ್ಮನಿಗೆ ಕೊಡಿ ಎಂದು ಹೇಳಿ, ಬಹಳ ಹೊತ್ತು ಆಕೆಯೊಡನೆ ಮಾತನಾಡಿದನು. ಆ ರಾತ್ರಿ ಆಕೆಗೆ ಎದೆ ಹಿಡಿದಿದ್ದ ಸಂಗತಿ ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಟೈರುಗಳು ಹತ್ತನೆಯ ದಿನ ಬಂದವು. 225/55 ಆರ್ 17: ಅಗಲ 225 ಮಿಲಿಮೀಟರು, ಗೋಡೆಯ ಎತ್ತರ ಅದರಲ್ಲಿ ನೂರಕ್ಕೆ 55 ಪಾಲು, ಬಳೆಯ ವ್ಯಾಸ 17 ಅಂಗುಲ. ಇಂಜಿನಿಯರರು ಭೂತಗನ್ನಡಿ ಹಿಡಿದು ಒಂದೊಂದರ ಪಕ್ಕದಲ್ಲಿಯೂ ನಾಲ್ಕು ಅಂಕಿಗಳನ್ನು ಹುಡುಕಿದರು. ಅವುಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಒಂದು ಟೈರು ಉಳಿದ ಮೂರಕ್ಕಿಂತ ಹದಿನಾಲ್ಕು ತಿಂಗಳು ಹಿರಿಯದಾಗಿತ್ತು. ಅದನ್ನು ಹಿಂದಿರುಗಿಸಿ ಬೇರೆ ತರಿಸಲು ಮತ್ತೆ ಆರು ದಿನ ಹಿಡಿಯಿತು; ಅಂಗಡಿಯವರು ಗೊಣಗಿದರು. ಹಳೆಯ ಟೈರನ್ನು ಒರೆಸಿ, ಬಿಸಿಲು ಬೀಳದ ಉಗ್ರಾಣದಲ್ಲಿ, ಅಡಕೆ ಮೂಟೆಗಳ ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಲಾಯಿತು. ಯಜಮಾನತಿಯವರು ಅದರ ಮೇಲೊಂದು ಹಳೆಯ ಪಂಚೆ ಹೊದಿಸಿದ್ದಾರೆ.