ಕತ್ತರಿಸೋ ಮುಂಚೆ: ತ್ರೀ ನಾಟ್ ತ್ರೀ, ಸ್ಕೌಟ್ ರೈಫಲ್ ಮತ್ತು ಪೀಣ್ಯದ ಲೇತ್

‘ತ್ರೀ ನಾಟ್ ತ್ರೀ’ ಅನ್ನೋ ಹೆಸರು ಕೇಳದವರು ನಮ್ಮಲ್ಲಿ ಕಮ್ಮಿ. ಹಳೇ ಸಿನಿಮಾದ ಪೊಲೀಸ್ ಪೇದೆ, ಠಾಣೆ ಬಾಗಿಲಲ್ಲಿ ನಿಂತ ಸೆಂಟ್ರಿ, ಗಣರಾಜ್ಯೋತ್ಸವದ ಪರೇಡು, ಎಲ್ಲಾ ಕಡೆ ಕಂಡಿರೋ ಉದ್ದನೆಯ ಮರದ ಹಿಡಿಯ ಬಂದೂಕು ಅದೇ. ಅದರ ನಿಜವಾದ ಹೆಸರು ಲೀ-ಎನ್‌ಫೀಲ್ಡ್. .303 ಅನ್ನೋದು ನಳಿಗೆಯ ಒಳ ಅಳತೆ, ಇಂಚಿನಲ್ಲಿ. ನಮ್ಮ ಮೆಕ್ಯಾನಿಕಲ್ ಬ್ರಾಂಚಿನ ಎನ್‌ಸಿಸಿ ಗೆಳೆಯರು ಅದನ್ನ ಹೆಗಲ ಮೇಲೆ ಹೊತ್ತು ಡ್ರಿಲ್ ಮಾಡಿದವರು. ಸುಮಾರು 4 ಕೆ.ಜಿ. ತೂಕ, 113 ಸೆಂ.ಮೀ. ಉದ್ದ. ಒಂದು ಗಂಟೆ ಹೊತ್ತರೆ ಸಾಕು, ‘ಇದನ್ನ ಸ್ವಲ್ಪ ಗಿಡ್ಡ ಮಾಡಬಾರದಿತ್ತಾ?’ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ.

ಆ ಪ್ರಶ್ನೆಯ ಹಿಂದೆ ಬಿದ್ದಾಗ ಗೊತ್ತಾಯ್ತು, ಜಗತ್ತಿನಲ್ಲಿ ಇದೊಂದು ದೊಡ್ಡ ಹವ್ಯಾಸ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಅಂಗಡಿಗಳಿಗೆ ಸೈನ್ಯದ ಹಳೇ ಬೋಲ್ಟ್ ಆಕ್ಷನ್ ರೈಫಲ್‌ಗಳು ಅಗ್ಗದ ಬೆಲೆಗೆ ಬಂದು ಬಿದ್ದವು. ಜನ ತಗೊಂಡು ಮುಂದಿನ ಮರ ಕಿತ್ತರು, ಬಯನೆಟ್ ಸಿಕ್ಕಿಸೋ ಕೊಂಡಿ ತೆಗೆದರು, ನಳಿಗೆ ಮೊಟಕು ಮಾಡಿದರು, ಬೇಟೆಗೆ ಒಯ್ದರು. ಇದಕ್ಕೊಂದು ಶಿಸ್ತು ತಂದವರು ಜೆಫ್ ಕೂಪರ್ ಅನ್ನೋ ಅಮೆರಿಕದ ನಿವೃತ್ತ ಮರೀನ್ ಅಧಿಕಾರಿ. ಅರಿಝೋನಾದ ಗನ್‌ಸೈಟ್ ಅನ್ನೋ ತಮ್ಮ ತರಬೇತಿ ಶಾಲೆಯಲ್ಲಿ 1983ರಲ್ಲಿ ಒಂದು ಸಭೆ ಸೇರಿಸಿ, ‘ಒಬ್ಬನೇ ಮನುಷ್ಯ, ಒಂದೇ ರೈಫಲ್, ಎಲ್ಲಾ ಕೆಲಸಕ್ಕೂ ಆಗಬೇಕು ಅಂದ್ರೆ ಅದು ಹೇಗಿರಬೇಕು?’ ಅಂತ ಚರ್ಚೆ ಮಾಡಿಸಿದರು. ಬಂದ ಉತ್ತರವೇ ಸ್ಕೌಟ್ ರೈಫಲ್: ಉದ್ದ 1 ಮೀಟರ್ ದಾಟಬಾರದು, ತೂಕ 3 ಕೆ.ಜಿ. ಆಸುಪಾಸು, 3.5ರ ಮೇಲೆ ಹೋಗಲೇಬಾರದು. ಗುಂಡು ಎಲ್ಲಾ ಕಡೆ ಸಿಗುವಂಥದ್ದು, ಅಂದ್ರೆ .308.

ಅದರ ವಿಚಿತ್ರ ಅಂಗ ಅಂದ್ರೆ ದೂರದರ್ಶಕ. ಮಾಮೂಲಿ ಬೇಟೆ ರೈಫಲ್‌ನಲ್ಲಿ ಅದು ಕಣ್ಣಿನ ಹತ್ತಿರ, ಬೋಲ್ಟಿನ ಮೇಲೆ ಕೂತಿರುತ್ತೆ. ಸ್ಕೌಟ್‌ನಲ್ಲಿ ಅದು ಮುಂದಕ್ಕೆ, ನಳಿಗೆಯ ಮೇಲೆ ಹೋಗಿ ಕೂತಿದೆ. ಫ್ಯಾಷನ್ ಅಲ್ಲ ಇದು, ಕಾರಣಗಳಿವೆ. ಹಳೇ ಸೈನ್ಯದ ರೈಫಲ್‌ಗೆ ಗುಂಡು ತುಂಬೋದು ಮೇಲಿನಿಂದ. ಐದೈದು ಗುಂಡು ಪೋಣಿಸಿದ ಕ್ಲಿಪ್ ಇಟ್ಟು ಹೆಬ್ಬೆರಳಲ್ಲಿ ಒತ್ತಬೇಕು. ಅಲ್ಲಿ ದೂರದರ್ಶಕ ಕೂರಿಸಿದ್ರೆ ದಾರಿ ಮುಚ್ಚಿಹೋಗುತ್ತೆ. ಮುಂದೆ ಸರಿಸಿದ್ರೆ ದಾರಿ ಬಿಡುತ್ತೆ, ಎರಡೂ ಕಣ್ಣು ತೆರೆದು ಸುತ್ತಲೂ ನೋಡಬಹುದು, ಬೋಲ್ಟ್ ಹತ್ತಿರ ಕೈಯಲ್ಲಿ ಹಿಡಿದು ನಡೆಯೋಕೂ ಅನುಕೂಲ. ಒಂದು ಭಾಗವನ್ನ ಒಂದು ಗೇಣು ಮುಂದೆ ಸರಿಸಿದ್ರೆ ಮೂರು ತೊಂದರೆ ಒಟ್ಟಿಗೆ ಹೋಯ್ತು. ಮೆಷಿನ್ ಡಿಸೈನ್ ಪಾಠದಲ್ಲಿ ಇಷ್ಟು ಒಳ್ಳೇ ಉದಾಹರಣೆ ನಮಗೆ ಸಿಕ್ಕಿರಲಿಲ್ಲ.

ಇಷ್ಟು ಓದಿದ ಮೇಲೆ ‘ಇದೆಲ್ಲಾ ಅಮೆರಿಕದ ಕಥೆ, ನಮಗೇನು’ ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಆದ್ರೆ ಹಳೇ ಲೀ-ಎನ್‌ಫೀಲ್ಡನ್ನ ಬೇರೆ ಬೇರೆ ಕೆಲಸಕ್ಕೆ ಬದಲಾಯಿಸೋದರಲ್ಲಿ ನಮ್ಮ ದೇಶದಷ್ಟು ಪಳಗಿದ ದೇಶ ಇನ್ನೊಂದು ಸಿಗೋದು ಕಷ್ಟ. ಕಲ್ಕತ್ತಾ ಹತ್ತಿರದ ಇಶಾಪುರ ರೈಫಲ್ ಕಾರ್ಖಾನೆ ಒಂದೇ ಸಾಕು ಸಾಕ್ಷಿಗೆ.

ಬ್ರಿಟಿಷರ ಕಾಲದಲ್ಲಿ ಪೊಲೀಸರಿಗೆ, ಜೈಲು ಕಾವಲುಗಾರರಿಗೆ ಬಂದೂಕು ಬೇಕಿತ್ತು. ಆದ್ರೆ ಕಿತ್ಕೊಂಡು ಓಡಿದವನಿಗೆ ಅದು ಸೈನ್ಯದ ರೈಫಲ್ ಆಗಬಾರದಿತ್ತು. ಹಾಗಾಗಿ .303ರ ನಳಿಗೆಯ ಒಳಗಿನ ತಿರುಪು ಗೆರೆ ತೆಗೆದು ನುಣುಪು ಮಾಡಿ .410 ಮಸ್ಕೆಟ್ ಮಾಡಿದರು. ಮ್ಯಾಗಜಿನ್ ಇದ್ದ ಜಾಗಕ್ಕೆ ಮರದ ತುಂಡು ಜಡಿದರು. ಒಂದು ಸಲಕ್ಕೆ ಒಂದೇ ಗುಂಡು. ನೋಡೋಕೆ ರೈಫಲ್, ಕೆಲಸ ಚರ್ರೆ ಕೋವಿಯದ್ದು.

ಗುರಿ ಕಲಿಸೋಕೆ ಅಗ್ಗದ ರೈಫಲ್ ಬೇಕಾದಾಗ ಅದೇ ದೇಹದೊಳಗೆ .22ರ ಸಣ್ಣ ನಳಿಗೆ ಕೂರಿಸಿದರು. ಎನ್‌ಸಿಸಿ ಹುಡುಗರು ಎಷ್ಟೋ ವರ್ಷ ಗುರಿ ಕಲಿತಿದ್ದು ಅದರಲ್ಲೇ. ಬರೀ ಡ್ರಿಲ್‌ಗೆ ಬೇಕಾದಾಗ ಗುಂಡು ಹಾರದ ಹಾಗೆ ಕೆಡಿಸಿ, ‘ಡಿಪಿ’ ಅಂತ ಗುರುತು ಹಾಕಿ ಕೊಟ್ಟರು. ಡ್ರಿಲ್ ಪರ್ಪಸ್ ಅಂತ ಅರ್ಥ. ಬಂದೂಕನ್ನ ಬಂದೂಕಲ್ಲದ ಹಾಗೆ ಮಾಡೋದೂ ಒಂದು ಪರಿವರ್ತನೆಯೇ ತಾನೆ.

ಇನ್ನೊಂದು, .315 ಬೋರ್ ಸ್ಪೋರ್ಟಿಂಗ್ ರೈಫಲ್. ಸೈನ್ಯದ ಗುಂಡು ಸಾಮಾನ್ಯ ಜನರ ಕೈಗೆ ಹೋಗಬಾರದು ಅನ್ನೋ ನಿಯಮ ಇತ್ತು. ಅದಕ್ಕೆ ಲೀ-ಎನ್‌ಫೀಲ್ಡ್ ಆಕ್ಷನ್ನನ್ನೇ ಇಟ್ಕೊಂಡು, ಆಸ್ಟ್ರಿಯಾ ಮೂಲದ 8 ಮಿ.ಮೀ. ಗುಂಡಿಗೆ ಹೊಂದಿಸಿದರು. ಲೈಸೆನ್ಸ್ ಇರೋ ನಾಗರಿಕರಿಗೆ ಇಶಾಪುರ ಮಾರೋ ರೈಫಲ್ ಅದೇ. ನಮ್ಮ ದೇಶದಲ್ಲಿ ‘ಸೈನ್ಯದ ಹಳೇ ರೈಫಲ್, ಮನೆ ಬಳಕೆಗೆ’ ಅನ್ನೋ ಮಾತಿಗೆ ಅತಿ ಹತ್ತಿರದ ವಸ್ತು ಇದು.

ನಮಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 2ಎ1. 1962ರ ಚೀನಾ ಯುದ್ಧದ ನಂತರ ರೈಫಲ್ ಅರ್ಜೆಂಟಾಗಿ ಬೇಕಾಯ್ತು. ಸೈನ್ಯ ಅಷ್ಟರಲ್ಲಿ 7.62 ಮಿ.ಮೀ. ನೇಟೋ ಗುಂಡಿನ ಕಡೆ ತಿರುಗಿತ್ತು. ಹಳೇ ವಿನ್ಯಾಸ ಗೊತ್ತು, ಯಂತ್ರಗಳು ಇವೆ, ಕೆಲಸಗಾರರು ಇದ್ದಾರೆ. ಆದ್ರೆ ಹಳೇ ರೈಫಲ್‌ಗೇ ಹೊಸ ನಳಿಗೆ ಸಿಕ್ಕಿಸಿ ‘ಆಯ್ತು’ ಅನ್ನಲಿಲ್ಲ. ಹೊಸ ಗುಂಡಿನ ಒತ್ತಡ ಜಾಸ್ತಿ, ಅದಕ್ಕೆ ಉಕ್ಕನ್ನೇ ಬದಲಾಯಿಸಿ ದೇಹವನ್ನ ಹೊಸದಾಗಿ ಮಾಡಿದರು. ಆಕಾರ ಅದೇ, ಶಕ್ತಿ ಬೇರೆ. ಮ್ಯಾಗಜಿನ್ 10ರಿಂದ 12ಕ್ಕೆ ಹೋಯ್ತು. ಮೊದಲು ಬಂದ 2ಎಯಲ್ಲಿ ಗುರಿ ಪಟ್ಟಿ 2000 ಮೀಟರ್‌ವರೆಗೆ ಇತ್ತು. 2ಎ1ರಲ್ಲಿ ಅದನ್ನ 800ಕ್ಕೆ ಇಳಿಸಿದರು. 2000 ಮೀಟರ್ ದೂರದಲ್ಲಿ ಬರಿಗಣ್ಣಲ್ಲಿ ಒಬ್ಬ ಮನುಷ್ಯ ಕಾಣೋದೇ ಅನುಮಾನ. ಯಾರೂ ಬಳಸದ ಗೆರೆಗಳನ್ನ ಅಳಿಸಿದರು, ಅಷ್ಟೇ. ಮುಂದೆ ಇದೇ 2ಎ1ಗಳು ಹಳೇ ಮಾಲಾಗಿ ಅಮೆರಿಕಕ್ಕೆ ಹೋದಾಗ ಸ್ಕೌಟ್ ಮಾಡೋರಿಗೆ ಹಬ್ಬ ಆಯ್ತು. 7.62 ನೇಟೋ ಅಂದ್ರೆ .308ರ ದಾಯಾದಿ, ಕೂಪರ್ ಕೇಳಿದ ಗುಂಡು ಆಗಲೇ ಒಳಗಿತ್ತು. ಬಂಗಾಳದಲ್ಲಿ ಹುಟ್ಟಿದ ರೈಫಲ್ ಅಲ್ಲಿ ಗಿಡ್ಡವಾಗಿ ಕಾಡು ಸುತ್ತಿತು.

ಹಾಗಂತ ಗಿಡ್ಡ ಮಾಡಿದ್ದೆಲ್ಲಾ ಚೆನ್ನಾಗಿರುತ್ತೆ ಅಂತಲ್ಲ. 1944ರಲ್ಲಿ ಬ್ರಿಟಿಷರೇ ಕಾಡಿನ ಯುದ್ಧಕ್ಕೆ ಅಂತ ‘ಜಂಗಲ್ ಕಾರ್ಬೈನ್’ ಮಾಡಿದ್ದರು. ಸುಮಾರು 1 ಮೀಟರ್ ಉದ್ದ, 3.2 ಕೆ.ಜಿ. ತೂಕ. ಕೂಪರ್ ಸಭೆ ಸೇರಿಸೋಕೆ 39 ವರ್ಷ ಮುಂಚೆಯೇ ಹೆಚ್ಚುಕಮ್ಮಿ ಅದೇ ಅಳತೆ! ಆದ್ರೆ ತೂಕ ಇಳಿದಷ್ಟೂ ಹೆಗಲಿಗೆ ಬೀಳೋ ಒದೆ ಜೋರಾಯ್ತು. ನಳಿಗೆ ಗಿಡ್ಡವಾದ್ದರಿಂದ ಬಾಯಲ್ಲಿ ಬೆಂಕಿ ಜಾಸ್ತಿಯಾಗಿ, ಅದನ್ನ ಮರೆಮಾಡೋಕೆ ತುತ್ತೂರಿಯಂಥ ಕೊಳವೆ ಸಿಕ್ಕಿಸಬೇಕಾಯ್ತು. ಇವತ್ತು ಸರಿ ಮಾಡಿದ ಗುರಿ ನಾಳೆ ತಪ್ಪುತ್ತೆ ಅನ್ನೋ ದೂರು ಬಂತು. 1947ಕ್ಕೆಲ್ಲಾ ತಯಾರಿಕೆ ನಿಂತೇ ಹೋಯ್ತು. ತೂಕ, ಒದೆ, ನಿಖರತೆ, ಈ ಮೂರರಲ್ಲಿ ಯಾವುದನ್ನ ಎಳೆದರೂ ಇನ್ನೆರಡು ಜೊತೆಗೆ ಬರುತ್ತೆ. ಕಂಬಳಿ ಸಣ್ಣದಾದ್ರೆ ತಲೆ ಮುಚ್ಚಿದಾಗ ಕಾಲು ಹೊರಗೆ ಬರುತ್ತಲ್ಲ, ಹಾಗೆ.

ಈಗ ನಮ್ಮ ಊರಿಗೆ ಬರೋಣ. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲಿ ಶುರುವಾಯ್ತು. ಪಕ್ಕದ ಪೀಣ್ಯ 1970ರ ದಶಕದಿಂದ ಬೆಳೀತು. ಇವತ್ತು ಪೀಣ್ಯದ ಯಾವ ಕ್ರಾಸಿಗೆ ಹೋದರೂ ಶೆಡ್ಡಿನೊಳಗೆ ಲೇತ್ ಸದ್ದು, ಕೂಲೆಂಟ್ ವಾಸನೆ. ಹತ್ತು ಮೈಕ್ರಾನ್ ಅಂದ್ರೆ ತಲೆ ಕೂಡ ಎತ್ತದೆ ‘ಆಗುತ್ತೆ, ಬಿಡಿ’ ಅನ್ನೋ ಟರ್ನರ್‌ಗಳಿದ್ದಾರೆ. ಕೈಚಳಕದ ಮಟ್ಟಿಗೆ ಮೇಲೆ ಹೇಳಿದ ಯಾವ ಕೆಲಸವೂ ಅವರಿಗೆ ದೊಡ್ಡದಲ್ಲ.

ನಾವು ಇಂಟರ್ನ್‌ಶಿಪ್ ಮಾಡಿದ ಅಂಥ ಒಂದು ಶೆಡ್ಡಿಗೆ ಒಂದು ಮಧ್ಯಾಹ್ನ ಒಬ್ಬರು ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯದೇನೋ. ‘ತಾತನ ಕಾಲದ್ದು, ತುದಿ ತುಕ್ಕು ಹಿಡಿದಿದೆ, ಒಂದು ಮೊಳ ಕತ್ತರಿಸಿ ಫೇಸಿಂಗ್ ಹೊಡೆದುಕೊಡಿ, ದುಡ್ಡು ಎಷ್ಟಾದರೂ ಪರವಾಗಿಲ್ಲ’ ಅಂದರು. ಬಟ್ಟೆ ಸ್ವಲ್ಪ ಸರಿದಾಗ ನಳಿಗೆ ಕಾಣ್ತು. ಓನರ್ ಮುಟ್ಟಲೂ ಇಲ್ಲ. ‘ಸಾರ್, ಡ್ರಾಯಿಂಗ್ ಇಲ್ದೆ ನಾವು ಬೋಲ್ಟೂ ಮಾಡಲ್ಲ. ಇದಂತೂ ಡ್ರಾಯಿಂಗ್ ಇದ್ರೂ ಮಾಡಲ್ಲ’ ಅಂದರು. ಆ ತಿಂಗಳು ಶೆಡ್ಡಿಗೆ ಆರ್ಡರ್ ಕಮ್ಮಿ ಇತ್ತು, ಒಂದು ಮೆಷಿನ್ನಿನ ಕಂತು ಬಾಕಿ ಇತ್ತು, ಅದು ನಮಗೂ ಗೊತ್ತಿತ್ತು. ಬಂದವರು ಹೋದ ಮೇಲೆ ಅವರು ಏನೂ ಭಾಷಣ ಮಾಡಲಿಲ್ಲ. ಟೀ ತರಿಸಿದರು, ಕೆಲಸ ಮುಂದುವರೀತು.

ಆಮೇಲೆ ನಾವು ಕಾನೂನು ತೆಗೆದು ನೋಡಿದ್ವಿ. 1959ರ ಆಯುಧ ಕಾಯ್ದೆಯ 6ನೇ ಸೆಕ್ಷನ್ ಇರೋದೇ ಇದರ ಬಗ್ಗೆ: ಇದಕ್ಕಂತಲೇ ಲೈಸೆನ್ಸ್ ಇಲ್ಲದೆ ಬಂದೂಕಿನ ನಳಿಗೆ ಗಿಡ್ಡ ಮಾಡೋ ಹಾಗಿಲ್ಲ, ಆಟಿಕೆ ಬಂದೂಕನ್ನ ನಿಜವಾದದ್ದಾಗಿ ಬದಲಾಯಿಸೋ ಹಾಗೂ ಇಲ್ಲ. ಬಂದೂಕು ಇಟ್ಕೊಳ್ಳೋ ಲೈಸೆನ್ಸ್ ಬೇರೆ, ಅದನ್ನ ಕತ್ತರಿಸೋ ಲೈಸೆನ್ಸ್ ಬೇರೆ. 2019ರ ತಿದ್ದುಪಡಿಯ ನಂತರ ಶಿಕ್ಷೆ 7 ವರ್ಷಕ್ಕೆ ಕಮ್ಮಿ ಇಲ್ಲ, ಜೀವಾವಧಿವರೆಗೂ ಹೋಗಬಹುದು. ಕಾರಣ ಊಹಿಸೋದು ಕಷ್ಟ ಅಲ್ಲ. ಉದ್ದನೆಯ ಬಂದೂಕು ಎಲ್ಲರಿಗೂ ಕಾಣುತ್ತೆ, ಗಿಡ್ಡದ್ದು ಕೋಟಿನೊಳಗೆ ಹೋಗುತ್ತೆ. ಅಮೆರಿಕದ ಹವ್ಯಾಸಿ ಯಾವುದನ್ನ ‘ಹ್ಯಾಂಡಿ’ ಅಂತಾನೋ, ಇಲ್ಲಿ ಅದೇ ಗುಣ ಅಪಾಯ.

ಇದೇ ಕೌಶಲಕ್ಕೆ ಅನುಮತಿ ಸಿಕ್ಕರೆ ಏನಾಗುತ್ತೆ ಅಂತ ನೋಡೋಕೆ ಊರಿನ ಇನ್ನೊಂದು ತುದಿಗೆ ಹೋಗಬೇಕು. ಎಲೆಕ್ಟ್ರಾನಿಕ್ ಸಿಟಿ ದಾಟಿ, ಬೊಮ್ಮಸಂದ್ರದಲ್ಲಿ ತಿರುಗಿದ್ರೆ ಜಿಗಣಿ. ಅಲ್ಲಿರೋ ಎಸ್‌ಎಸ್‌ಎಸ್ ಡಿಫೆನ್ಸ್‌ನ ಹಿಂದಿನ ಮನೆತನ ಸ್ಪ್ರಿಂಗ್ ತಯಾರಕರದ್ದು, ವಾಹನಗಳಿಗೆ ಸ್ಪ್ರಿಂಗ್ ಮಾಡ್ತಾ ಬಂದ ಸ್ಟಂಪ್ ಶೂಲೆ ಅಂಡ್ ಸೋಮಪ್ಪ. ಖಾಸಗಿಯವರಿಗೆ ರಕ್ಷಣಾ ತಯಾರಿಕೆಯ ಬಾಗಿಲು ತೆರೆದದ್ದು 2001ರಲ್ಲಿ. ಇವತ್ತು ಇವರು ವೈಪರ್ ಮತ್ತು ಸೇಬರ್ ಅನ್ನೋ ಎರಡು ಸ್ನೈಪರ್ ರೈಫಲ್ ಮಾಡ್ತಾರೆ. ಎರಡೂ ಬೋಲ್ಟ್ ಆಕ್ಷನ್. ನೂರು ವರ್ಷ ದಾಟಿದ ಆ ತತ್ವ ಇನ್ನೂ ಬದುಕಿದೆ. ಜೊತೆಗೆ ಹಳೇ ಎಕೆ ರೈಫಲ್‌ಗಳಿಗೆ ಹೊಸ ಹಿಡಿ, ಹೊಸ ಕೈಪಟ್ಟಿ, ದೂರದರ್ಶಕ ಕೂರಿಸೋ ಹಳಿ ಕೊಡೋ ಅಪ್‌ಗ್ರೇಡ್ ಕಿಟ್ ಕೂಡ ಮಾಡ್ತಾರೆ. ಹಳೇದನ್ನ ಎಸೆಯದೆ ಕೈಗೆ ಹೊಂದಿಸೋದು, ಅಂದ್ರೆ ಸ್ಕೌಟ್ ಮಾಡೋರ ಯೋಚನೆಯೇ ಇದು. ವ್ಯತ್ಯಾಸ ಏನಪ್ಪಾ ಅಂದ್ರೆ ಪ್ರತಿ ಭಾಗಕ್ಕೂ ಡ್ರಾಯಿಂಗ್ ಇದೆ, ಪರೀಕ್ಷೆ ಇದೆ, ಯಾರಿಗೆ ಹೋಯ್ತು ಅನ್ನೋ ಲೆಕ್ಕ ಇದೆ. ಪೀಣ್ಯದ ಶೆಡ್ಡಿಗೂ ಜಿಗಣಿಯ ಕಾರ್ಖಾನೆಗೂ ನಡುವೆ ಇರೋ ಅಂತರ ಬರೀ ಮೆಷಿನ್ನಿನದ್ದಲ್ಲ, ಈ ಲೆಕ್ಕದ್ದು.

ಕೊನೆಗೆ ಉಳಿಯೋ ಪ್ರಶ್ನೆ: ನಮಗೆ ಸ್ಕೌಟ್ ರೈಫಲ್ ಬೇಕಾ? ನಮ್ಮ ತಂಡದಲ್ಲೇ ಇದರ ಬಗ್ಗೆ ಜಗಳ ಆಯ್ತು. ಮಡಿಕೇರಿ ಕಡೆಯ ಗೆಳೆಯನ ಮನೆಯಲ್ಲಿ ಕೋವಿ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯಲ್ಲಿ ಇರೋ ವಿನಾಯಿತಿಯನ್ನ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ, ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸೋ ಗುಂಡು, ಅವನ ಮನೆಯ ಕೋವಿಯ ಕೆಲಸ ಇವು. ‘ಇದಕ್ಕೆ ದೂರದರ್ಶಕ ಯಾಕೆ, ಗಿಡ್ಡ ಯಾಕೆ ಮಾಡ್ಬೇಕು? ಅಜ್ಜ ಹಿಡಿದ ಹಾಗೇ ಇರಲಿ’ ಅಂದ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೂ ಮುಗೀತು. ಕೂಪರ್ ಹೇಳಿದ ‘ಎಲ್ಲಾ ಕೆಲಸ’ದಲ್ಲಿ ನಮ್ಮ ಕಡೆ ಉಳಿಯೋದು ಶೂಟಿಂಗ್ ರೇಂಜ್ ಒಂದೇ, ಅಲ್ಲಿಗೆ ಅದಕ್ಕೇ ಮಾಡಿದ ರೈಫಲ್‌ಗಳಿವೆ. ಹಾಗಾಗಿ ನಮ್ಮ ಉತ್ತರ: ವಸ್ತು ಬೇಡ, ಅದರ ಹಿಂದಿನ ಯೋಚನೆ ಬೇಕು.

ಯಾಕಂದ್ರೆ ಆ ಯೋಚನೆ ಬಂದೂಕಿಗೆ ಮಾತ್ರ ಸೇರಿದ್ದಲ್ಲ. ಇಶಾಪುರದವರಾಗಲಿ ಕೂಪರ್ ಆಗಲಿ ಮೊದಲು ಕೇಳಿದ್ದು ‘ಇದು ಯಾರ ಕೈಗೆ, ಯಾವ ಕೆಲಸಕ್ಕೆ?’ ಅಂತ. ಉತ್ತರ ಸಿಕ್ಕ ಮೇಲೆ ಗರಗಸ ಎತ್ತಿದರು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಸಾಮಾನ್ಯವಾಗಿ ಗರಗಸ ಮೊದಲು, ಪ್ರಶ್ನೆ ವೈವಾ ದಿನ. ಉಕ್ಕಿನ ತುಂಡನ್ನ ಒಮ್ಮೆ ಕತ್ತರಿಸಿದ್ರೆ ವಾಪಸ್ ಅಂಟಿಸೋಕೆ ಆಗಲ್ಲ. ಹಾಗೇ, ಒಂದು ವಸ್ತು ಒಮ್ಮೆ ಯಾರದೋ ಕೈಗೆ ಹೋದ್ರೆ ವಾಪಸ್ ಕರೆಸೋಕೂ ಆಗಲ್ಲ.

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ .303ಗೆ ಬೀಳ್ಕೊಡುಗೆ ಕೊಟ್ಟರು. ಉಳಿದ ಕಡೆಯೂ ಅದು ಒಂದೊಂದಾಗಿ ಮರೆಗೆ ಸರೀತಿದೆ. ನಿಮ್ಮ ಮನೆಯಲ್ಲಿ ಪೊಲೀಸ್, ಹೋಮ್ ಗಾರ್ಡ್, ಸೈನ್ಯದಿಂದ ನಿವೃತ್ತರಾದ ಅಜ್ಜನೋ ಮಾವನೋ ಇದ್ರೆ, ಅದನ್ನ ಹೊತ್ತ ಕಥೆ ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ. ತೂಕದ ಬಗ್ಗೆ ಅವರು ಏನಂತಾರೆ ಅಂತ ತಪ್ಪದೆ ಕೇಳಿ.