ಗೆಳೆತನವೂ ಒಂದು ಜಾಮೀನು

ಮಕ್ಕಳೇ, ಬ್ಯಾಂಕಿನಲ್ಲಿ ಸಾಲಕ್ಕೆ ಜಾಮೀನುದಾರ ಬೇಕು ಎಂಬ ಮಾತನ್ನು ಮನೆಯಲ್ಲಿ ದೊಡ್ಡವರು ಆಡುವುದನ್ನು ಕೇಳಿರುತ್ತೀರಿ. ಸಾಲ ಪಡೆದವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎಂದು ಸಹಿ ಹಾಕುವವನೇ ಜಾಮೀನುದಾರ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಬಿ.ಕಾಂ. ಓದುವಾಗ ನನಗೆ ಇದು ಬರೀ ಪರೀಕ್ಷೆಯ ಪ್ರಶ್ನೆ. ಗುಮಾಸ್ತನಾಗಿ ಕೌಂಟರಿನ ಹಿಂದೆ ಕೂತ ಮೇಲೆ ಅದರ ಅರ್ಥ ತಿಳಿಯಿತು. "ಗೆಳೆಯ ಕೇಳಿದ, ಇಲ್ಲ ಅನ್ನೋಕೆ ಆಗಲಿಲ್ಲ ಸಾರ್" ಎಂದು ನೋಟಿಸು ಹಿಡಿದು ನಿಂತವರನ್ನು ಎಷ್ಟೋ ಸಲ ನೋಡಿದ್ದೇನೆ. ಬೆಳೆ ಮಾರಿದ ದುಡ್ಡು, ಅವರು ಕಣ್ಣಿಂದಲೂ ಕಾಣದ ಸಾಲಕ್ಕೆ ಜಮೆಯಾಗುತ್ತಿತ್ತು.

ಬೈಬಲಿನ ಜ್ಞಾನೋಕ್ತಿಗಳ ಪುಸ್ತಕ, ಯೋಚಿಸದೆ ಜಾಮೀನು ನಿಲ್ಲಬೇಡಿ ಎಂದು ಹಲವು ಕಡೆ ಎಚ್ಚರಿಸುತ್ತದೆ. ಬುದ್ಧಿವಂತರ ಒಡನಾಟದಿಂದ ಬುದ್ಧಿ ಬರುತ್ತದೆ, ಮೂಢರ ಒಡನಾಟದಿಂದ ಕೇಡು ಬರುತ್ತದೆ ಎಂದು ಕಲಿಸುವುದೂ ಅದೇ ಪುಸ್ತಕ. ನನಗೆ ಇವೆರಡೂ ಒಂದೇ ಪಾಠದಂತೆ ಕಾಣುತ್ತವೆ. ಗೆಳೆತನವೂ ಒಂದು ಜಾಮೀನೇ. ಕಾಗದವಿಲ್ಲ, ಸ್ಟಾಂಪಿಲ್ಲ, ಅಷ್ಟೇ. ಲೈಸೆನ್ಸ್ ಇಲ್ಲದ ಗೆಳೆಯ ಬೈಕು ಓಡಿಸಿದರೆ, ಹಿಂದೆ ಕೂತವನ ಕಾಲೂ ಮುರಿಯುತ್ತದೆ.

ಹಾಗಾದರೆ ಬುದ್ಧಿವಂತ ಗೆಳೆಯನನ್ನು ಗುರುತಿಸುವುದು ಹೇಗೆ? ಸೊಲೊಮೋನನ ಮಗ ರೆಹಬ್ಬಾಮನ ಕಥೆ ಕೇಳಿ. ಅವನು ಪಟ್ಟಕ್ಕೆ ಬಂದಾಗ, ನಮ್ಮ ಹೊರೆ ಇಳಿಸು ಎಂದು ಜನ ಬೇಡಿಕೊಂಡರು. ಅವನು ಮೂರು ದಿನ ಸಮಯ ಕೇಳಿದ. ಒಳ್ಳೆಯ ಮಾತಾಡಿ ಜನರನ್ನು ಗೆದ್ದುಕೋ ಎಂದರು ಅಪ್ಪನ ಕಾಲದ ಹಿರಿಯರು. ಇನ್ನೂ ಬಿಗಿ ಮಾಡು ಎಂದರು ಜೊತೆಯಲ್ಲೇ ಬೆಳೆದ ಗೆಳೆಯರು. ಅವನು ಗೆಳೆಯರ ಮಾತು ಕೇಳಿದ. ಹನ್ನೆರಡು ಕುಲಗಳ ರಾಜ್ಯದಲ್ಲಿ ಹತ್ತು ಕುಲಗಳು ಕೈಬಿಟ್ಟು ಹೋದವು. ಇಲ್ಲಿ ವಯಸ್ಸು ಮುಖ್ಯವಲ್ಲ. ಅರಸನಿಗೆ ಇಷ್ಟವಿಲ್ಲದ ಮಾತನ್ನು ಅವನ ಎದುರಿಗೇ ಹೇಳುವ ಧೈರ್ಯ ಯಾರಿಗಿತ್ತು ಎಂಬುದು ಮುಖ್ಯ. ನಿಮ್ಮ ತಪ್ಪಿಗೆ ಚಪ್ಪಾಳೆ ಹೊಡೆಯುವವನಿಗಿಂತ, "ಬೇಡ ಕಣೋ" ಎಂದು ಕೈ ಹಿಡಿದು ಎಳೆಯುವವನು ಒಳ್ಳೆಯ ಗೆಳೆಯ.

ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಬರುವಾಗ ಮೊಮ್ಮಗ ಕೇಳಿದ: "ತಾತ, ಯೇಸುಸ್ವಾಮಿ ಕೆಟ್ಟವರ ಜೊತೆ ಕೂತು ಊಟ ಮಾಡಿದರಲ್ಲ, ನಮಗೆ ಮಾತ್ರ ಬೇಡ ಅಂತ ಯಾಕೆ ಹೇಳ್ತೀರಿ?" ಒಳ್ಳೆಯ ಪ್ರಶ್ನೆ. ಯೇಸು ಊಟಕ್ಕೆ ಯಾರನ್ನೂ ದೂರ ಮಾಡಲಿಲ್ಲ, ನಿಜ. ಆದರೆ ಸದಾ ಜೊತೆಗಿರುವ ಹನ್ನೆರಡು ಮಂದಿಯನ್ನು ಆರಿಸುವ ಮುನ್ನ ಇಡೀ ರಾತ್ರಿ ಬೆಟ್ಟದ ಮೇಲೆ ಪ್ರಾರ್ಥಿಸಿದರು ಎಂದು ಲೂಕನು ಬರೆದಿದ್ದಾನೆ. ಸುಂಕದ ಜಕ್ಕಾಯನ ಮನೆಗೆ ಹೋದಾಗ ಬದಲಾದದ್ದು ಜಕ್ಕಾಯ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ಆದ್ದರಿಂದ ಮೊಮ್ಮಗನಿಗೆ ಹೇಳಿದೆ: "ತರಗತಿಯಲ್ಲಿ ಯಾರೂ ಮಾತಾಡಿಸದ ಹುಡುಗನ ಪಕ್ಕ ನೀನು ಕೂರು. ಬುತ್ತಿ ಹಂಚಿಕೋ. ಆದರೆ ಯಾರ ಮಾತು ಕೇಳಿ ದಾರಿ ಹಿಡಿಯಬೇಕು ಎನ್ನುವುದನ್ನು ಪ್ರಾರ್ಥನೆ ಮಾಡಿ ಆರಿಸು."

ಬುದ್ಧಿವಂತ ಗೆಳೆಯ ನಮ್ಮ ಸಭೆಯವನೇ ಆಗಬೇಕೆಂದಿಲ್ಲ. ಶಿಕಾರಿಪುರದಲ್ಲಿ ನನಗೆ ಬುದ್ಧಿ ಹೇಳಿದ ಗೆಳೆಯರಲ್ಲಿ ಹುಚ್ಚರಾಯಸ್ವಾಮಿಯ ತೇರು ಎಳೆಯುವವರಿದ್ದಾರೆ, ರಂಜಾನ್ ಉಪವಾಸ ಹಿಡಿಯುವವರೂ ಇದ್ದಾರೆ.

ರಜೆಯಲ್ಲಿ ಮಕ್ಕಳನ್ನು ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಕರೆದುಕೊಂಡು ಹೋಗಿ. ಪ್ರಣವೇಶ್ವರ ಗುಡಿಯ ಮುಂದೆ ಐದನೇ ಶತಮಾನದ ಕಂಬದ ಶಾಸನವಿದೆ. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ವಿದ್ಯೆಗಾಗಿ ಕಂಚಿಗೆ ಹೋದದ್ದನ್ನು ಅದು ಹೇಳುತ್ತದೆ. ಗುರು ವೀರಶರ್ಮನ ಜೊತೆ ಹೋದ ಎಂಬುದನ್ನೂ ಮರೆಯದೆ ಕೊರೆದಿದ್ದಾರೆ. ಎಲ್ಲಿಗೆ ಹೋದ ಎಂಬುದರಷ್ಟೇ ಯಾರ ಜೊತೆ ಹೋದ ಎಂಬುದೂ ದೊಡ್ಡದು.

ಅಜ್ಜ ಅಜ್ಜಿಯರಿಗೆ ಒಂದು ಮಾತು. "ಅವನ ಜೊತೆ ಸೇರಬೇಡ" ಎಂದು ಗದರಿದರೆ ಮಕ್ಕಳು ಗೆಳೆಯರನ್ನು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ. ಆ ಗೆಳೆಯರನ್ನೇ ಮನೆಗೆ ಕರೆಯಿರಿ. ಜಾತಿ, ಅಂಕ ಕೇಳಬೇಡಿ. ಮಂಡಕ್ಕಿ ಕಲಸಿ ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಯಾರು ಚಿಕ್ಕ ತಂಗಿಗೆ ಮೊದಲು ಕೊಡುತ್ತಾನೆ, ಯಾರು ಇಲ್ಲದವನನ್ನು ಆಡಿಕೊಳ್ಳುತ್ತಾನೆ, ಯಾರು ತಟ್ಟೆ ಒಳಗೆ ತಂದಿಡುತ್ತಾನೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಸಂಜೆ ಮೊಮ್ಮಗನನ್ನೇ ಕೇಳಿ, ಇವರಲ್ಲಿ ನೀನು ಯಾರಿಗೆ ಜಾಮೀನು ಹಾಕುತ್ತೀಯ ಎಂದು. ಅವನ ಉತ್ತರ ಬರುವವರೆಗೆ ಸುಮ್ಮನೆ ಕಾಯಿರಿ.