ಒಂದು ನಿಮಿಷಕ್ಕೆ ಒಂದು ಹನಿ

ಏಳನೇ ಸೆಮ್ ಶುರುವಾದ ಮೊದಲ ವಾರವೇ ಪ್ರಾಜೆಕ್ಟ್ ಟಾಪಿಕ್ ಕೊಡಬೇಕಿತ್ತು. ನಾವು ನಾಲ್ಕು ಜನ, ಎಲ್ಲರೂ ಇಸಿ. ನಿಜ ಹೇಳಬೇಕೆಂದರೆ ಯಾವ ಟಾಪಿಕ್ ಮೇಲೂ ನಮಗೆ ಪ್ರೀತಿ ಇರಲಿಲ್ಲ. ಪ್ಲೇಸ್‌ಮೆಂಟ್ ತಲೆಬಿಸಿ ನಡುವೆ ಬೇಗ ಮುಗಿಯುವಂಥದ್ದು ಒಂದು ಸಿಕ್ಕರೆ ಸಾಕಿತ್ತು. "ರೆಟಿನಾ ಫೋಟೋದಿಂದ ಡಯಾಬಿಟಿಕ್ ರೆಟಿನೋಪತಿ ಪತ್ತೆ ಹಚ್ಚುವ ಡೀಪ್ ಲರ್ನಿಂಗ್ ಮಾಡೆಲ್" ಅಂತ ಬರೆದುಕೊಟ್ಟೆವು. ಕ್ಯಾಗಲ್‌ನಲ್ಲಿ 2015ರದ್ದೊಂದು, 2019ರದ್ದೊಂದು ಡೇಟಾಸೆಟ್ ಬಿದ್ದಿದೆ. ಕೋಡ್ ಸೀನಿಯರ್ಸ್ ಹತ್ತಿರ ಇದೆ. ಇನ್ನೇನು ಬೇಕು?

ಗೈಡ್ ಮೇಡಂ ಸಿನಾಪ್ಸಿಸ್ ಓದಿದರು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಈ ಫೋಟೋದಲ್ಲಿ ರಕ್ತನಾಳ ಕಾಣ್ತಿದೆ, ಸರಿ. ಅದರೊಳಗೆ ರಕ್ತ ಹರೀತಿದೆಯಾ, ನಿಂತಿದೆಯಾ? ಹೇಳಿ ನೋಡೋಣ" ಅಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಫೋಟೋಗಳನ್ನು ಅಷ್ಟು ಹೊತ್ತಿಗೆ ಸಾವಿರಾರು ಡೌನ್‌ಲೋಡ್ ಮಾಡಿದ್ದೆವು. ಒಂದನ್ನೂ ಹಾಗೆ ನೋಡಿರಲಿಲ್ಲ. ಸಾಮಾನ್ಯ ರೆಟಿನಾ ಫೋಟೋದಲ್ಲಿ ಕಾಣುವುದು ದೊಡ್ಡ ನಾಳಗಳು, ರಕ್ತ ಸೋರಿದ ಕಲೆಗಳು, ಹಳದಿ ಚುಕ್ಕಿಗಳು. ಸಕ್ಕರೆ ಕಾಯಿಲೆ ಮೊದಲು ಕೈ ಇಡುವುದು ಅಲ್ಲಲ್ಲ, ಕ್ಯಾಪಿಲರಿಗಳಲ್ಲಿ. ಅವುಗಳ ಅಗಲ 5ರಿಂದ 10 ಮೈಕ್ರಾನ್. ಕೆಂಪು ರಕ್ತಕಣವೇ 7-8 ಮೈಕ್ರಾನ್ ಇರುತ್ತೆ, ಅಂದರೆ ಕಣಗಳು ಒಂದರ ಹಿಂದೆ ಒಂದು, ಕೆಲವು ಕಡೆ ಮೈ ಮುದುಡಿಕೊಂಡು ಸಾಗಬೇಕು. ಇಡೀ ರೆಟಿನಾಗೆ ನಿಮಿಷಕ್ಕೆ ಬರುವ ರಕ್ತ ಸುಮಾರು 40-50 ಮೈಕ್ರೋಲೀಟರ್. ಹೆಚ್ಚುಕಮ್ಮಿ ಒಂದು ಹನಿ.

ಈ ಹರಿವನ್ನು ನೀವೇ ನೋಡಬಹುದು, ಖರ್ಚಿಲ್ಲ. ಮೋಡ ಇಲ್ಲದ ದಿನ ಸೂರ್ಯನಿಗೆ ಬೆನ್ನು ಹಾಕಿ ನಿಂತು ನೀಲಿ ಆಕಾಶವನ್ನೇ ದಿಟ್ಟಿಸಿ. ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಹೊಳೆಯುವ ಚುಕ್ಕಿಗಳು ಬಾಗಿದ ದಾರಿಯಲ್ಲಿ ಸರ್ರನೆ ಓಡಿ ಮಾಯವಾಗುತ್ತವೆ. ಅವು ನಿಮ್ಮದೇ ಬಿಳಿ ರಕ್ತಕಣಗಳು. ನೀಲಿ ಬೆಳಕನ್ನು ಕೆಂಪು ಕಣಗಳು ಹೀರಿಕೊಳ್ಳುತ್ತವೆ, ಬಿಳಿ ಕಣ ಬಂದಾಗ ಬೆಳಕು ದಾಟಿ ಒಳಗೆ ಬೀಳುತ್ತೆ. ಹಾಸ್ಟೆಲ್ ಟೆರೇಸ್ ಮೇಲೆ ನಾಲ್ಕೂ ಜನ ಕತ್ತೆತ್ತಿ ನಿಂತಿದ್ದು ನೋಡಿ ಜೂನಿಯರ್‌ಗಳು ಡ್ರೋನ್ ಹುಡುಕ್ತಿದ್ದಾರೆ ಅಂದುಕೊಂಡರಂತೆ.

ಅವತ್ತು ರಾತ್ರಿ ಮೆಸ್‌ನಲ್ಲಿ ಕೂತು ಕಾಯಿಲೆ ಬಗ್ಗೆ ಓದಿದೆವು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಕ್ಯಾಪಿಲರಿ ಗೋಡೆಗೆ ಆಸರೆಯಾಗಿರುವ ಜೀವಕೋಶಗಳು ಸಾಯುತ್ತವೆ. ಗೋಡೆ ಅಲ್ಲಲ್ಲಿ ಬಲೂನಿನಂತೆ ಉಬ್ಬುತ್ತೆ, ಸೋರುತ್ತೆ. ಕೆಲವು ಕ್ಯಾಪಿಲರಿಗಳು ಮುಚ್ಚಿಯೇ ಹೋಗುತ್ತವೆ. ರಕ್ತ ಸಿಗದ ಜಾಗ ವೆಜ್‌ಎಫ್ ಎಂಬ ಪ್ರೋಟೀನ್ ಬಿಟ್ಟು ಹೊಸ ನಾಳ ಬೇಕು ಅಂತ ಕೂಗುತ್ತೆ. ಬರುವ ಹೊಸ ನಾಳಗಳೋ ಬಲವಿಲ್ಲದವು, ಒಡೆದು ಕಣ್ಣೊಳಗೆ ರಕ್ತ ಚೆಲ್ಲುತ್ತವೆ. ಮೊದಲ ಹಂತಗಳಲ್ಲಿ ನೋವಿಲ್ಲ, ಮಂಜಿಲ್ಲ, ಏನೂ ಗೊತ್ತಾಗಲ್ಲ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹ ಇದೆ.

ಇದನ್ನು ಓದುವಾಗ ನಮ್ಮಲ್ಲೊಬ್ಬ ತಟ್ಟೆ ಬಿಟ್ಟು ಸುಮ್ಮನೆ ಕೂತಿದ್ದ. ಊರು ಅರಸೀಕೆರೆ, ಹಾಗಾಗಿ ಹಾಸ್ಟೆಲ್‌ನಲ್ಲಿ ಅವನ ಹೆಸರೂ ಅರಸೀಕೆರೆಯೇ. ಅಪ್ಪ ಟೈಲರ್. "ಅಪ್ಪಂಗೆ ಹದಿಮೂರು ವರ್ಷದಿಂದ ಶುಗರ್ ಕಣ್ರೋ. ಒಂದ್ಸಲಾನೂ ಕಣ್ಣು ತೋರಿಸಿಲ್ಲ. ಸೂಜಿಗೆ ದಾರ ಪೋಣಿಸ್ತೀನಲ್ಲ, ಇನ್ನೇನು ನೋಡ್ಬೇಕು ಅಂತಾರೆ" ಅಂದ.

ಟಾಪಿಕ್ ಬದಲಾಯಿತು. ಹರಿವನ್ನೇ ಚಿತ್ರ ತೆಗೆಯೋಣ ಅಂತ ತೀರ್ಮಾನಿಸಿದೆವು.

ಇಲ್ಲಿ ನಮ್ಮ ಒಂದು ದಡ್ಡತನ ಹೇಳಲೇಬೇಕು. ಹಳೇ ಪೇಪರ್‌ಗಳನ್ನು ಕೆದಕುವಾಗ ಹೆರಾಲ್ಡ್ ನೊವೊಟ್ನಿ, ಡೇವಿಡ್ ಆಲ್ವಿಸ್ ಅನ್ನೋ ಇಬ್ಬರ ಕಥೆ ಸಿಕ್ಕಿತ್ತು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮೆಡಿಕಲ್ ವಿದ್ಯಾರ್ಥಿಗಳು. ರಕ್ತಕ್ಕೆ ಫ್ಲೋರೆಸೀನ್ ಬಣ್ಣ ಚುಚ್ಚಿ, ಅದು ರೆಟಿನಾದ ನಾಳಗಳಲ್ಲಿ ಹೊಳೆಯುತ್ತಾ ಸಾಗುವುದನ್ನು ಫೋಟೋ ತೆಗೆದರು. ಮೊದಲು ಸೂಜಿ ಚುಚ್ಚಿಸಿಕೊಂಡಿದ್ದು ಆಲ್ವಿಸ್. ಕಣ್ಣಿನ ವೈದ್ಯರ ಜರ್ನಲ್ ಪೇಪರನ್ನು ವಾಪಸ್ ಕಳಿಸಿತು, 1961ರಲ್ಲಿ ಹೃದಯದ ಜರ್ನಲ್ 'ಸರ್ಕ್ಯುಲೇಷನ್' ಅಚ್ಚು ಹಾಕಿತು. ಅಲ್ಲಿಂದ ಮುಂದೆ ದಶಕಗಳ ಕಾಲ ಮಧುಮೇಹದ ಕಣ್ಣು ನೋಡಲು ಡಾಕ್ಟರುಗಳು ನೆಚ್ಚಿಕೊಂಡಿದ್ದು ಅದೇ ವಿಧಾನವನ್ನು. ಸ್ಟೂಡೆಂಟ್ಸ್ ಮಾಡಿದ್ದು! ನಮಗೆ ತಲೆಗೇರಿತು. ಲೇಸರ್ ಪಾಯಿಂಟರ್ ಒಂದು ಇತ್ತು, ಸ್ವಲ್ಪ ಮಂದ ಮಾಡಿ ನಮ್ಮ ಕಣ್ಣಿಗೇ ಬಿಟ್ಟು ನೋಡೋಣ ಅಂತ ಹೊರಟೆವು.

ಮೇಡಂಗೆ ಅಷ್ಟು ಸಿಟ್ಟು ಬಂದಿದ್ದನ್ನು ನಾವು ಮತ್ತೆ ನೋಡಿಲ್ಲ. "ಅವರು ಮೆಡಿಕಲ್ ಓದ್ತಿದ್ದೋರು. ನೀವು ನೂರೈವತ್ತು ರೂಪಾಯಿ ಲೇಸರ್ ಹಿಡ್ಕೊಂಡಿರೋ ಇಸಿ ಹುಡುಗರು. ಅದರ ಮೇಲೆ ಬರೆದಿರೋ ಪವರ್ ನಿಜ ಅಂತ ಯಾರು ಹೇಳಿದ್ದು? ಕಣ್ಣಿನ ಲೆನ್ಸ್ ಅದನ್ನ ರೆಟಿನಾ ಮೇಲೆ ಒಂದು ಚುಕ್ಕಿಯಾಗಿ ಕೂರಿಸುತ್ತೆ. ಸುಟ್ಟಿದ್ದು ವಾಪಸ್ ಬರಲ್ಲ." ಲೇಸರನ್ನು ಲ್ಯಾಬ್ ಬೀರುವಿನಲ್ಲಿಟ್ಟು ಕೀ ತಾವೇ ಇಟ್ಟುಕೊಂಡರು. ಕಣ್ಣು ಬೇಡ, ಹಾಲು ತನ್ನಿ ಅಂದರು.

ಹಾಗೆ ಶುರುವಾಯಿತು ನಮ್ಮ ನಂದಿನಿ ನೀಲಿ ಪ್ಯಾಕೆಟ್ ಪ್ರಯೋಗ. ತೆಳುವಾದ ಸಿಲಿಕೋನ್ ಪೈಪ್‌ನಲ್ಲಿ ನೀರು ಬೆರೆಸಿದ ಹಾಲು. ಅದನ್ನು ತಳ್ಳಲು ಸ್ಟೆಪರ್ ಮೋಟರ್, ಆರ್ಡುಯಿನೊ, ಸಿರಿಂಜ್. ಮೇಲಿಂದ ಲೇಸರ್, ಪಕ್ಕದಲ್ಲಿ ವೆಬ್‌ಕ್ಯಾಮ್. ಲೇಸರ್ ಬೆಳಕು ಒರಟು ಜಾಗದ ಮೇಲೆ ಬಿದ್ದಾಗ ರವೆ ಚೆಲ್ಲಿದಂತೆ ಕಾಳು ಕಾಳಾಗಿ ಕಾಣುತ್ತೆ, ಅದೇ ಸ್ಪೆಕಲ್. ಕೆಳಗಿರುವುದು ಅಲ್ಲಾಡದಿದ್ದರೆ ಕಾಳುಗಳು ಸ್ಪಷ್ಟ. ಹರಿಯುತ್ತಿದ್ದರೆ ಕ್ಯಾಮೆರಾ ಕಣ್ಣು ತೆರೆದಿರುವಷ್ಟು ಹೊತ್ತಿನಲ್ಲೇ ಅವು ಕಲಸಿಹೋಗುತ್ತವೆ. 7x7 ಪಿಕ್ಸೆಲ್ ಕಿಟಕಿಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು ಸರಾಸರಿಯಿಂದ ಭಾಗಿಸಿದರೆ ಆಯ್ತು. ಉತ್ತರ ಕಡಿಮೆಯಾದಷ್ಟೂ ಹರಿವು ಜೋರು. 1981ರಲ್ಲೇ ಫರ್ಷರ್ ಮತ್ತು ಬ್ರೈಯರ್ಸ್ ತೋರಿಸಿಕೊಟ್ಟ ದಾರಿ ಇದು, ಮುಂದಿನ ವರ್ಷ ಅದನ್ನು ರೆಟಿನಾ ಮೇಲೂ ಪ್ರಯೋಗಿಸಿದರು.

ಬರೆಯುವಾಗ ಸುಲಭ. ವೆಬ್‌ಕ್ಯಾಮ್‌ನ ಆಟೋ ಎಕ್ಸ್‌ಪೋಷರ್ ಆಫ್ ಮಾಡಬೇಕು ಅಂತ ಗೊತ್ತಾಗುವುದಕ್ಕೇ ಒಂದು ವಾರ ಹೋಯಿತು. ಆಮೇಲೆ ಇನ್ನೊಂದು ಕಾಟ. ಮೋಟರ್ ನಿಲ್ಲಿಸಿದರೂ ಗ್ರಾಫ್‌ನಲ್ಲಿ ಹರಿವು! ಪೈಪ್ ಸೋರುತ್ತಿದೆ ಅಂತ ಎರಡು ವಾರ ಟೆಫ್ಲಾನ್ ಟೇಪ್ ಸುತ್ತಿದ್ದೇ ಸುತ್ತಿದ್ದು. ಸೋರಿಕೆ ಎಲ್ಲೂ ಇರಲಿಲ್ಲ. ನಿಂತ ಹಾಲಿನಲ್ಲೂ ಕೊಬ್ಬಿನ ಕಣಗಳು ಬ್ರೌನಿಯನ್ ಚಲನೆಯಲ್ಲಿ ನಡುಗುತ್ತಲೇ ಇರುತ್ತವೆ. ಪಿಯುಸಿಯಲ್ಲಿ ಎರಡು ಮಾರ್ಕಿಗೆ ಬರೆದಿದ್ದ ಉತ್ತರ ಕಣ್ಣೆದುರೇ ಕುಣಿಯುತ್ತಿತ್ತು, ನಮಗೆ ಹೊಳೆದಿರಲಿಲ್ಲ. ಮೋಟರನ್ನು ತೀರಾ ನಿಧಾನ ಮಾಡಿದಾಗ ಆ ಹರಿವು ಈ ನಡುಕದಲ್ಲೇ ಮುಳುಗಿಹೋಗುತ್ತಿತ್ತು. ನಿಧಾನಕ್ಕೆ ಹರಿಯುವ ಹಾಲು, ನಿಂತ ಹಾಲು, ಎರಡೂ ನಮ್ಮ ಕ್ಯಾಮೆರಾಗೆ ಒಂದೇ.

ಹೊರಗಿನ ಬೆಳಕು ಒಳಗೆ ಬರದಂತೆ ಡಬ್ಬಕ್ಕೆ ಹೊದಿಕೆ ಬೇಕಿತ್ತು. ಅರಸೀಕೆರೆ ಅಳತೆ ಕಳಿಸಿದ. ಅಂಕಲ್ ಎರಡು ಪದರದ ಕಪ್ಪು ಬಟ್ಟೆಯಲ್ಲಿ, ಕೈ ಹಾಕಲು ತೋಳು ಸಮೇತ ಹೊಲಿದು ಬಸ್ಸಿಗೆ ಹಾಕಿ ಕಳಿಸಿದರು. ಹೊಲಿಗೆ ನೋಡಿದರೆ ಯಾರೂ ಆ ಕಣ್ಣನ್ನು ಅನುಮಾನಿಸಲು ಸಾಧ್ಯವಿರಲಿಲ್ಲ. ಅದೇ ಸಮಸ್ಯೆ.

ಎಷ್ಟು ಹೇಳಿದರೂ ಅವರು ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಮದುವೆ ಸೀಸನ್, ಬ್ಲೌಸ್‌ಗಳು ರಾಶಿ ಬಿದ್ದಿವೆ. ಕೊನೆಗೆ ನಾವು ನಾಲ್ವರೂ ಸೇರಿ ಸುಳ್ಳು ಹೇಳಿದೆವು. ಪ್ರಾಜೆಕ್ಟ್‌ಗೆ ಒಬ್ಬ ಶುಗರ್ ಇರೋರ ಕಣ್ಣಿನ ರಿಪೋರ್ಟ್ ಬೇಕೇ ಬೇಕು ಅಂಕಲ್, ಇಲ್ಲದಿದ್ದರೆ ಮಾರ್ಕ್ಸ್ ಕಟ್. ಮರುದಿನ ಬೆಳಗಿನ ಟ್ರೈನಿಗೆ ಬಂದಿಳಿದರು. ತಮ್ಮ ಕಣ್ಣಿಗಾಗಿ ಬಾರದವರು ಮಗನ ಮಾರ್ಕ್ಸಿಗೆ ಬಂದರು. ನಮಗೆ ಗೆದ್ದ ಖುಷಿಯೂ ಆಯಿತು, ಒಂಥರಾ ನಾಚಿಕೆಯೂ ಆಯಿತು.

ಬೋರ್ಡಿನ ಅಕ್ಷರ ಓದುವ ಪರೀಕ್ಷೆಯಲ್ಲಿ ಕನ್ನಡಕ ಹಾಕಿಕೊಂಡು ಕೊನೆ ಸಾಲಿನವರೆಗೂ ಓದಿದರು. ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದರು. ಕಣ್ಣಿಗೆ ಡ್ರಾಪ್ಸ್ ಹಾಕಿ ತೆಗೆದ ಫೋಟೋದಲ್ಲಿ ಮೂರು ಪುಟ್ಟ ಕೆಂಪು ಚುಕ್ಕಿ, ಅಷ್ಟೇ. ನಂತರ ಓಸಿಟಿ ಆಂಜಿಯೋಗ್ರಫಿ. ಇದಕ್ಕೆ ಬಣ್ಣವೂ ಬೇಡ, ಸೂಜಿಯೂ ಬೇಡ. ಒಂದೇ ಜಾಗವನ್ನು ಕೆಲವು ಮಿಲಿಸೆಕೆಂಡ್ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತೆ. ಎರಡು ಸ್ಕ್ಯಾನ್ ನಡುವೆ ಬದಲಾಗದ್ದೆಲ್ಲ ಕಪ್ಪು, ಬದಲಾಗಿದ್ದು ಬಿಳಿ. ಕಣ್ಣೊಳಗೆ ಅಲ್ಲಾಡುವುದು ರಕ್ತಕಣಗಳೇ ಆದ್ದರಿಂದ ಪರದೆ ಮೇಲೆ ಬರುವುದು ಹರಿವಿನ ನಕ್ಷೆ. ನಮ್ಮ ಹಾಲಿನ ಡಬ್ಬದ ದೊಡ್ಡಣ್ಣ ಅನ್ನಿ.

ಡಾಕ್ಟರ್ ಅಂಕಲ್‌ನ ಒಪ್ಪಿಗೆ ಕೇಳಿ ನಮ್ಮನ್ನೂ ಒಳಗೆ ಕರೆದರು. ಜೇಡರ ಬಲೆಯಂಥ ಬಿಳಿ ಎಳೆಗಳು. ಮಧ್ಯದಲ್ಲಿ ಒಂದು ಕಪ್ಪು ದ್ವೀಪ, ಅದು ಎಲ್ಲರಿಗೂ ಇರುತ್ತೆ, ದೃಷ್ಟಿ ಅತಿ ಚುರುಕಾಗಿರುವ ಆ ಜಾಗದಲ್ಲಿ ನಾಳಗಳೇ ಇರುವುದಿಲ್ಲ. ಆದರೆ ಅಂಕಲ್‌ದರಲ್ಲಿ ದ್ವೀಪದ ಅಂಚು ಒಂದು ಕಡೆ ಹರಿದಿತ್ತು. ಪಕ್ಕದಲ್ಲಿ ಇನ್ನೂ ಎರಡು ಮೂರು ಕಪ್ಪು ತೇಪೆಗಳು. ಅಂಕಲ್ ಮುಂದೆ ಬಾಗಿ ನೋಡಿ, ಅಲ್ಲಿಗೇ ಬೆರಳಿಟ್ಟು, "ಇಲ್ಲಿ ಹೊಲಿಗೆ ಬಿಟ್ಟೈತೆ ಅಲ್ವಾ ಸಾರ್?" ಅಂದರು.

ಡಾಕ್ಟರ್ ಹೌದು ಅಂದರು. ಅರಸೀಕೆರೆ ಬಾಗಿಲ ಕಡೆ ತಿರುಗಿಕೊಂಡು ನಿಂತ.

ಅವು ಮುಚ್ಚಿಹೋಗಿವೆಯಾ ಸರ್ ಅಂತ ನಾವು ಕೇಳಿದೆವು. "ಮೆಷಿನ್‌ಗೆ ಅಲ್ಲಿ ಚಲನೆ ಕಾಣ್ಲಿಲ್ಲ. ಮುಚ್ಚಿರಬಹುದು, ತುಂಬಾ ನಿಧಾನ ಆಗಿರಲೂಬಹುದು. ಒಂದು ಮಿತಿಗಿಂತ ನಿಧಾನ ಆದ್ರೆ ಎರಡೂ ಕಪ್ಪೇ" ಅಂದರು. ಎರಡು ತಿಂಗಳು ಹಾಲಿನ ಜೊತೆ ಗುದ್ದಾಡಿದ್ದ ನಮಗೆ ಆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಸದ್ಯಕ್ಕೆ ಇಂಜೆಕ್ಷನ್ ಬೇಡ, ಲೇಸರ್ ಚಿಕಿತ್ಸೆಯೂ ಬೇಡ. ಶುಗರ್, ಬಿಪಿ ಹತೋಟಿಯಲ್ಲಿರಲಿ, ಆರು ತಿಂಗಳಿಗೆ ಮತ್ತೆ ಬನ್ನಿ.

ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದ ಮೊದಲ ಪ್ರಶ್ನೆ, "ಅಕ್ಯುರಸಿ ಎಷ್ಟು?" ಪಕ್ಕದ ಬ್ಯಾಚಿನ ಸ್ಲೈಡಿನಲ್ಲಿ 97 ಪರ್ಸೆಂಟ್ ಇತ್ತು. ನಮ್ಮ ಸ್ಲೈಡಿನಲ್ಲಿ ಇದ್ದಿದ್ದು, ಇಷ್ಟಕ್ಕಿಂತ ನಿಧಾನದ ಹರಿವು ನಮಗೆ ಕಾಣುವುದಿಲ್ಲ ಎಂಬ ಒಂದು ಗ್ರಾಫ್. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ ಮುಂದಿನ ಸ್ಲೈಡ್ ಅಂದರು. ಮಾರ್ಕ್ಸ್ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಪಾಸ್ ಆಗಿದ್ದೇವೆ.

ಹೋದ ವಾರ ಅಂಕಲ್ ಫೋನ್ ಮಾಡಿದ್ದರು, ಸ್ಪೀಕರ್ ಹಾಕಿಸಿದೆವು. "ಮಾರ್ಕ್ಸ್ ಚೆನ್ನಾಗ್ ಬಂತೇನ್ರಪ್ಪಾ? ಬಟ್ಟೆಯಿಂದ ಬೆಳಕೇನೂ ಒಳಗೆ ಬರ್ಲಿಲ್ವಲ್ಲ?" ಬರಲಿಲ್ಲ ಅಂಕಲ್ ಅಂದೆವು. ಆರು ತಿಂಗಳು ತುಂಬುವುದು ಜೂನ್‌ನಲ್ಲಿ. ಅಷ್ಟೊತ್ತಿಗೆ ನಮ್ಮ ಪ್ರಾಜೆಕ್ಟೂ ಇರಲ್ಲ, ಕಾಲೇಜೂ ಇರಲ್ಲ. ನಿಜ ಹೇಳಿದರೆ ಬರುತ್ತಾರಾ ಅಂತ ಅರಸೀಕೆರೆಗೆ ಧೈರ್ಯವಿಲ್ಲ. ಪ್ರಾಜೆಕ್ಟ್‌ಗೆ ಎರಡನೇ ಭಾಗ ಇದೆ ಅಂತ ಹೇಳಿದ್ದಾನೆ. "ಹಂಗಾರೆ ಬ್ಲೌಸ್‌ಗಳನ್ನ ಮೊದ್ಲೇ ಮುಗಿಸ್ಕೋತೀನಿ ಬಿಡು" ಅಂದರಂತೆ.